ಮೊದಲ ಗಂಟೆ ಸಿಸ್ಟರ್ ಕೈಯಲ್ಲಿ: ಹಿಂಸೆಗೊಳಗಾದವರ ಆರೈಕೆ ಮತ್ತು ನಿಲ್ಲದ ಕಲಿಕೆ

ಲೈಂಗಿಕ ಹಿಂಸೆಗೆ ಒಳಗಾಗಿ ಆಸ್ಪತ್ರೆಗೆ ಬಂದ ಹೆಂಗಸು ಎಷ್ಟೋ ಸಲ ಮೊದಲು ಕೇಳುವುದು ಬಚ್ಚಲುಮನೆ ಎಲ್ಲಿದೆ ಎಂದು. ಮೈ ತೊಳೆದುಕೊಳ್ಳಬೇಕು, ಬಾಯಿ ಮುಕ್ಕಳಿಸಬೇಕು, ಉಟ್ಟ ಬಟ್ಟೆಯನ್ನು ಕಿತ್ತೆಸೆಯಬೇಕು ಎಂಬ ತವಕ ಅವಳಿಗಿರುತ್ತದೆ. ಈ ಪ್ರಶ್ನೆಯನ್ನು ಅವಳು ಡಾಕ್ಟರನ್ನಾಗಲಿ ಪೊಲೀಸರನ್ನಾಗಲಿ ಕೇಳುವುದಿಲ್ಲ, ಎದುರಿಗೆ ಕಾಣುವ ಸಿಸ್ಟರನ್ನು ಕೇಳುತ್ತಾಳೆ. ಸಿಸ್ಟರ್ ಯೋಚಿಸದೆ ಕೈ ತೋರಿಸಿದರೆ ಆ ರಾತ್ರಿಯ ಸಾಕ್ಷ್ಯದ ದೊಡ್ಡ ಪಾಲು ನೀರಿನಲ್ಲಿ ಹೋಗುತ್ತದೆ. ಗದರಿಸಿ ತಡೆದರೆ ಸಾಕ್ಷ್ಯ ಉಳಿದೀತು, ಆದರೆ ಅವಳು ಮುಂದೆ ಬಾಯಿ ಬಿಡದೆ ಹೋಗಬಹುದು. ಏಕೆ ಸ್ವಲ್ಪ ಹೊತ್ತು ತಡೆಯಬೇಕೆಂದು ಮೆಲುದನಿಯಲ್ಲಿ ತಿಳಿಸಿ, ತಡೆಯಲಾಗದಿದ್ದರೆ ಒರೆಸಿಕೊಳ್ಳದೆ ಶುದ್ಧವಾದ ಡಬ್ಬಿಯಲ್ಲಿ ಮೂತ್ರ ಹಿಡಿದುಕೊಡಲು ಹೇಳಿ, ಬಾಗಿಲ ಬಳಿ ನಿಂತಿರುವುದು ಮೂರನೆಯ ದಾರಿ. ಅದು ಒಳ್ಳೆಯ ಮನಸ್ಸಿದ್ದ ಮಾತ್ರಕ್ಕೆ ತಾನಾಗಿ ಹೊಳೆಯುವುದಿಲ್ಲ, ಅದನ್ನು ಯಾರಾದರೂ ಕಲಿಸಬೇಕು, ಮತ್ತೆ ಮತ್ತೆ ನೆನಪಿಸಬೇಕು.

ಕಾನೂನಿನ ಕಣ್ಣಿಗೆ ಈ ಸಿಸ್ಟರ್ ಬಹುಮಟ್ಟಿಗೆ ಕಾಣುವುದೇ ಇಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 184ನೆಯ ಕಲಂ ಅತ್ಯಾಚಾರ ಸಂತ್ರಸ್ತೆಯ ಪರೀಕ್ಷೆಯನ್ನು ನೋಂದಾಯಿತ ವೈದ್ಯರಿಗೆ ವಹಿಸುತ್ತದೆ. ಮಾಹಿತಿ ಬಂದ 24 ಗಂಟೆಯೊಳಗೆ ಆಕೆಯನ್ನು ವೈದ್ಯರ ಬಳಿಗೆ ಕಳುಹಿಸಬೇಕು, ಒಪ್ಪಿಗೆ ಪಡೆದೇ ಪರೀಕ್ಷಿಸಬೇಕು, ಏಳು ದಿನಗಳೊಳಗೆ ವರದಿ ತನಿಖಾಧಿಕಾರಿಯ ಕೈಸೇರಬೇಕು. ವರದಿಗೆ ಸಹಿ ಹಾಕುವವರು ವೈದ್ಯರೇ, ಅದು ಸರಿಯೂ ಹೌದು. ಆದರೆ ಆ ಸಹಿಯ ಹಿಂದಿನ ಕೆಲಸವನ್ನು ನೋಡಿ. ಪರದೆ ಎಳೆಯುವುದು, ಜೊತೆಗೆ ಬಂದ ಸಂಬಂಧಿಕರನ್ನು ಹೊರಗೆ ನಿಲ್ಲಿಸುವುದು, ಬಟ್ಟೆಯನ್ನು ಒಂದೊಂದಾಗಿ ಕಾಗದದ ಲಕೋಟೆಗೆ ಹಾಕುವುದು, ಸ್ವಾಬ್ ಒಣಗಿಸುವುದು, ಚೀಟಿ ಅಂಟಿಸುವುದು, ಎಂಎಲ್‌ಸಿ (ಪೊಲೀಸ್ ತನಿಖೆಗೆ ಸಂಬಂಧಿಸಿದ ವೈದ್ಯಕೀಯ ಪ್ರಕರಣ) ರಿಜಿಸ್ಟರಿನಲ್ಲಿ ಸಮಯ ಬರೆಯುವುದು, ಪುರುಷ ವೈದ್ಯರಿದ್ದರೆ ಪರೀಕ್ಷೆಯುದ್ದಕ್ಕೂ ಪಕ್ಕದಲ್ಲಿ ನಿಲ್ಲುವುದು, ಇವೆಲ್ಲ ಹೆಚ್ಚಾಗಿ ನರ್ಸ್ ಪಾಲಿಗೆ ಬರುತ್ತವೆ. ನಮ್ಮ ಕೋಲಾರ ಜಿಲ್ಲೆಯ ಮುಳಬಾಗಿಲಿನಲ್ಲಾಗಲಿ ಶ್ರೀನಿವಾಸಪುರದಲ್ಲಾಗಲಿ ತಾಲ್ಲೂಕು ಆಸ್ಪತ್ರೆಯ ಹುದ್ದೆಗಳ ಪಟ್ಟಿಯಲ್ಲಿ ‘ಫೊರೆನ್ಸಿಕ್ ನರ್ಸ್’ (ಆರೈಕೆಯ ಜೊತೆಗೆ ನ್ಯಾಯಾಲಯಕ್ಕೆ ಬೇಕಾದ ಸಾಕ್ಷ್ಯವನ್ನೂ ಕಾಪಾಡುವ ನರ್ಸ್) ಎಂಬ ಹೆಸರು ಹುಡುಕಿದರೆ ಸಿಗದು, ಆ ಕೆಲಸ ಮಾತ್ರ ಅಲ್ಲಿ ಪ್ರತಿ ಪಾಳಿಯಲ್ಲೂ ಎದುರಾಗಬಹುದು. ಹೊಸ ಹುದ್ದೆಯ ಬೇಡಿಕೆಗಿಂತ ಮೊದಲು, ಈಗಾಗಲೇ ಈ ಕೆಲಸ ಮಾಡುತ್ತಿರುವವರಿಗೆ ನಿರಂತರವಾದ ಕಲಿಕೆಯನ್ನು ಅವರ ವಾರ್ಡಿನಲ್ಲೇ, ಅವರ ಭಾಷೆಯಲ್ಲೇ, ಡ್ಯೂಟಿಯ ಸಮಯದೊಳಗೇ ಕೊಡಬೇಕು ಎಂಬುದು ಈ ಲೇಖನದ ವಾದ.

ಫೊರೆನ್ಸಿಕ್ ನರ್ಸಿಂಗ್ ಎಂಬ ಈ ಶಾಖೆ ಬೆಳೆದ ಬಗೆಯನ್ನು ಒಮ್ಮೆ ನೋಡುವುದು ಒಳಿತು. ಅಮೆರಿಕದ ಮೆಂಫಿಸ್, ಮಿನಿಯಾಪೊಲಿಸ್ ನಗರಗಳಲ್ಲಿ 1970ರ ದಶಕದಲ್ಲೇ ಅತ್ಯಾಚಾರ ಸಂತ್ರಸ್ತೆಯರ ಪರೀಕ್ಷೆಗೆ ನರ್ಸ್‌ಗಳನ್ನು ತಯಾರು ಮಾಡುವ ಪ್ರಯತ್ನ ನಡೆಯಿತು. ತುರ್ತು ವಿಭಾಗದಲ್ಲಿ ಗಂಟೆಗಟ್ಟಲೆ ಕಾದು ಕೂತು, ಕೊನೆಗೆ ಈ ಕೆಲಸದಲ್ಲಿ ಪಳಗಿರದ ಕೈಗೆ ಸಿಗುತ್ತಿದ್ದ ಹೆಂಗಸರ ಪಾಡನ್ನು ಕಂಡವರೇ ಇದನ್ನು ಆರಂಭಿಸಿದರು. 1992ರಲ್ಲಿ ಮಿನಿಯಾಪೊಲಿಸ್‌ನಲ್ಲಿ ಸೇರಿದ ನರ್ಸ್‌ಗಳು ಅಂತರರಾಷ್ಟ್ರೀಯ ಫೊರೆನ್ಸಿಕ್ ನರ್ಸ್‌ಗಳ ಸಂಘವನ್ನು ಕಟ್ಟಿದರು. 1995ರಲ್ಲಿ ಅಮೆರಿಕದ ನರ್ಸ್‌ಗಳ ಸಂಘವು ಇದನ್ನು ಪ್ರತ್ಯೇಕ ಪರಿಣತಿಯೆಂದು ಮಾನ್ಯಮಾಡಿತು. ಅಂತರರಾಷ್ಟ್ರೀಯ ಸಂಘದ ಮಾರ್ಗಸೂಚಿಯಂತೆ ಲೈಂಗಿಕ ಹಲ್ಲೆಯ ಪರೀಕ್ಷೆ ಮಾಡುವ ನರ್ಸ್‌ಗೆ ಕನಿಷ್ಠ 40 ಗಂಟೆಗಳ ಪಾಠ, ಅದರ ಮೇಲೆ ಆಸ್ಪತ್ರೆಯಲ್ಲಿ ಕೈಕೆಲಸದ ಅಭ್ಯಾಸ ಬೇಕು. ಅಲ್ಲಿ ಪಡೆದ ಪ್ರಮಾಣಪತ್ರ ಮೂರು ವರ್ಷಗಳಿಗೆ ಮುಗಿಯುತ್ತದೆ. ಆ ಅವಧಿಯಲ್ಲಿ ಕಲಿತದ್ದನ್ನು, ಮಾಡಿದ್ದನ್ನು ತೋರಿಸಿ ನವೀಕರಿಸಿಕೊಳ್ಳಬೇಕು. ಅವರ ಕಾನೂನು, ಅವರ ಆಸ್ಪತ್ರೆ ಬೇರೆ. ಎಲ್ಲವನ್ನೂ ಇಲ್ಲಿಗೆ ತಂದು ನೆಡಲಾಗದು. ಆದರೆ ಒಮ್ಮೆ ಕಲಿತರೆ ಸಾಕೆಂಬ ನಂಬಿಕೆಯನ್ನು ಅವರು ಕೈಬಿಟ್ಟದ್ದು ನಮಗೂ ಸಲ್ಲುತ್ತದೆ.

ನಮ್ಮಲ್ಲಿ ಆಗಿರುವ ಒಂದು ಒಳ್ಳೆಯ ಬದಲಾವಣೆಯನ್ನು ಮರೆಯಬಾರದು. ಭಾರತೀಯ ಶುಶ್ರೂಷಾ ಪರಿಷತ್ತು 2021ರಲ್ಲಿ ಹೊರತಂದ ಬಿ.ಎಸ್ಸಿ. ನರ್ಸಿಂಗ್ ಪಠ್ಯಕ್ರಮದ ಐದನೆಯ ಸೆಮಿಸ್ಟರ್‌ನಲ್ಲಿ ಫೊರೆನ್ಸಿಕ್ ನರ್ಸಿಂಗ್ ಮತ್ತು ಭಾರತೀಯ ಕಾನೂನುಗಳ ಪರಿಚಯ ಎಂಬ ಪತ್ರಿಕೆ ಸೇರಿದೆ. ಅದಕ್ಕೆ ಮೀಸಲಾದದ್ದು ಒಂದು ಕ್ರೆಡಿಟ್, 20 ಗಂಟೆಗಳ ಪಾಠ. ಇದನ್ನು ಓದಿದ ಮೊದಲ ತಂಡದವರು ಈಗಷ್ಟೇ ಕೆಲಸಕ್ಕೆ ಸೇರುತ್ತಿದ್ದಾರೆ. ಇವತ್ತು ಕೋಲಾರ ಜಿಲ್ಲೆಯ ರಾತ್ರಿ ಪಾಳಿಯನ್ನು ಹೊತ್ತಿರುವ ಅನುಭವಸ್ಥ ಶುಶ್ರೂಷಾಧಿಕಾರಿಗಳಲ್ಲಿ ಬಹುಪಾಲು ಮಂದಿ ಜಿಎನ್‌ಎಂ ಡಿಪ್ಲೊಮಾ ಅಥವಾ ಹಳೆಯ ಬಿ.ಎಸ್ಸಿ. ಓದಿ ಬಂದವರು. ಹೊಸಬರಿಗೆ ಪತ್ರಿಕೆಯ ಪರಿಚಯವಿದೆ, ಅನುಭವವಿಲ್ಲ. ಹಿರಿಯರಿಗೆ ಅನುಭವವಿದೆ, ಈ ಪತ್ರಿಕೆಯ ಪರಿಚಯವಿಲ್ಲ. ಇಬ್ಬರೂ ಒಂದೇ ಮೇಜಿನ ಮುಂದೆ ಕೂತು ಕಲಿಯುವ ಏರ್ಪಾಡನ್ನು ನಿರಂತರ ಶಿಕ್ಷಣ ಮಾತ್ರ ಮಾಡಬಲ್ಲದು.

ಕಲಿತದ್ದು ಎಷ್ಟು ಬೇಗ ಹಳತಾಗುತ್ತದೆ ಎಂಬುದಕ್ಕೆ ಹನ್ನೆರಡು ವರ್ಷಗಳ ಲೆಕ್ಕ ಸಾಕು. 2012ರಲ್ಲಿ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆ ಬಂತು. 2013ರಲ್ಲಿ ಸುಪ್ರೀಂ ಕೋರ್ಟ್ ‘ಎರಡು ಬೆರಳ ಪರೀಕ್ಷೆ’ (ಹಿಂದೆ ಲೈಂಗಿಕ ಸಂಪರ್ಕವಿತ್ತೇ ಎಂದು ಯೋನಿಗೆ ಬೆರಳು ತೂರಿಸಿ ನೋಡುವುದು) ಸಂತ್ರಸ್ತೆಯ ಖಾಸಗಿತನಕ್ಕೆ ಧಕ್ಕೆ ತರುತ್ತದೆಂದು ಹೇಳಿತು. 2014ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಲೈಂಗಿಕ ಹಿಂಸೆಗೊಳಗಾದವರ ನ್ಯಾಯವೈದ್ಯಕೀಯ ಆರೈಕೆಗೆ ಮಾರ್ಗಸೂಚಿ ಹೊರಡಿಸಿ, ಆ ಪರೀಕ್ಷೆಯನ್ನು ಮಾಡಕೂಡದೆಂದಿತು. ಗರ್ಭಪಾತ ಕಾಯ್ದೆಯ 2021ರ ತಿದ್ದುಪಡಿ ಅತ್ಯಾಚಾರದಿಂದ ಗರ್ಭ ಧರಿಸಿದವರಿಗೆ 24 ವಾರಗಳವರೆಗೆ ಗರ್ಭಪಾತದ ಅವಕಾಶ ಕೊಟ್ಟಿತು. 2024ರಲ್ಲಿ ದಂಡಸಂಹಿತೆ, ಪ್ರಕ್ರಿಯಾ ಸಂಹಿತೆ, ಸಾಕ್ಷ್ಯ ಕಾಯ್ದೆ ಮೂರೂ ಬದಲಾಗಿ, ನಾಲಗೆಯ ಮೇಲಿದ್ದ ಕಲಮುಗಳ ಸಂಖ್ಯೆಗಳೆಲ್ಲ ಬೇರೆಯಾದವು. ಇಷ್ಟರ ನಡುವೆ, 2013ರ ತೀರ್ಪು ಬಂದು ಒಂಬತ್ತು ವರ್ಷ ಕಳೆದ ಮೇಲೂ, 2022ರ ಅಕ್ಟೋಬರ್ 31ರಂದು ಜಾರ್ಖಂಡ್‌ನ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಎರಡು ಬೆರಳ ಪರೀಕ್ಷೆ ಮಾಡುವವರನ್ನು ದುರ್ನಡತೆಯ ತಪ್ಪಿತಸ್ಥರೆಂದು ಪರಿಗಣಿಸಬೇಕಾಗುತ್ತದೆ ಎಂದು ಎಚ್ಚರಿಸಬೇಕಾಯಿತು. ಮಾರ್ಗಸೂಚಿಯನ್ನು ಎಲ್ಲ ಸರ್ಕಾರಿ, ಖಾಸಗಿ ಆಸ್ಪತ್ರೆಗಳಿಗೂ ತಲುಪಿಸಿ, ಆರೋಗ್ಯ ಸಿಬ್ಬಂದಿಗೆ ಕಾರ್ಯಾಗಾರ ನಡೆಸಿ, ವೈದ್ಯಕೀಯ ಪಠ್ಯವನ್ನು ಪರಿಶೀಲಿಸಿ ಎಂದೂ ಆ ತೀರ್ಪು ಸೂಚಿಸಿತು. ಆದೇಶ ಕಾಗದದ ಮೇಲೆ ಇದ್ದೂ ಕೈಗಳು ಹಳೆಯ ರೂಢಿಯನ್ನೇ ಅನುಸರಿಸುತ್ತವೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಪುರಾವೆ ಬೇಕಿಲ್ಲ. ಇಂಥ ಪರೀಕ್ಷೆಗೆ ಯಾರಾದರೂ ಮುಂದಾದಾಗ ಕೋಣೆಯಲ್ಲಿರುವ ಎರಡನೆಯ ವ್ಯಕ್ತಿ ನರ್ಸ್. ಮಾರ್ಗಸೂಚಿಯ, ಅದರಲ್ಲಿರುವ ಪರೀಕ್ಷಾ ನಮೂನೆಯ (ಪ್ರೊಫಾರ್ಮಾ) ಪುಟ ಆಕೆಗೆ ಗೊತ್ತಿದ್ದರೆ, “ಡಾಕ್ಟ್ರೇ, ಪ್ರೊಫಾರ್ಮಾದಲ್ಲಿ ಇದನ್ನ ಕೇಳಿಲ್ಲ” ಎಂದು ಹೇಳಬಲ್ಲ ಧೈರ್ಯಕ್ಕೆ ಒಂದು ಆಧಾರ ಇರುತ್ತದೆ.

ಸಾಕ್ಷ್ಯ ಕೆಡುವುದು ಬಹುತೇಕ ಸಣ್ಣ ಸಂಗತಿಗಳಲ್ಲಿ. ಒದ್ದೆ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಗಂಟು ಹಾಕಿದರೆ ಬೂಷ್ಟು ಹಿಡಿದು ಡಿಎನ್‌ಎ ಹಾಳಾಗುತ್ತದೆ. ನೆರಳಿನಲ್ಲಿ ಒಣಗಿಸಿ ಕಾಗದದಲ್ಲಿ ಸುತ್ತಬೇಕು. ಚೂರಿಯಿಂದ ಹರಿದ ರವಿಕೆಯನ್ನು ಅವಸರದಲ್ಲಿ ಕತ್ತರಿಸುವಾಗ ಕತ್ತರಿ ಆ ಹರಿದ ಜಾಗದ ಮೂಲಕವೇ ಹಾದುಹೋದರೆ ಆಯುಧದ ಗುರುತು ಮಾಯವಾಗುತ್ತದೆ. ಗರ್ಭಪಾತದ ನಂತರ ಡಿಎನ್‌ಎ ಪರೀಕ್ಷೆಗೆ ಕಳುಹಿಸಬೇಕಾದ ಗರ್ಭದ ಅಂಗಾಂಶವನ್ನು ಅಭ್ಯಾಸಬಲದಿಂದ ಫಾರ್ಮಲಿನ್‌ಗೆ (ಅಂಗಾಂಶ ಕೊಳೆಯದಂತೆ ಇಡುವ ದ್ರಾವಣ) ಹಾಕಿಬಿಟ್ಟರೆ ಹೊಟ್ಟೆಯ ಕೂಸಿನ ತಂದೆ ಯಾರೆಂಬ ಪ್ರಶ್ನೆಗೆ ಉತ್ತರ ಕಷ್ಟವಾಗುತ್ತದೆ. ವೀರ್ಯಾಣು ಸಿಗುವ ಸಾಧ್ಯತೆ 72 ಗಂಟೆಗಳ ನಂತರ ಬಹಳ ಕುಗ್ಗುತ್ತದಾದರೂ, ಗಾಬರಿಯಲ್ಲಿರುವವರಿಗೆ ಹೊತ್ತಿನ ಲೆಕ್ಕ ತಪ್ಪಬಹುದಾದ ಕಾರಣ 96 ಗಂಟೆಯವರೆಗೂ ಸಾಕ್ಷ್ಯ ಸಂಗ್ರಹಿಸಿ ಎನ್ನುತ್ತದೆ 2014ರ ಮಾರ್ಗಸೂಚಿ. “ಮೂರು ದಿನ ಆಯ್ತಲ್ಲಮ್ಮ, ಇನ್ನೇನು ಸಿಗುತ್ತೆ” ಎಂದು ಕಳುಹಿಸುವಂತಿಲ್ಲ. ಇಲ್ಲಿಂದ ಬೆಂಗಳೂರಿನ ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಹೋಗುವ ಲಕೋಟೆ ಅಷ್ಟು ಹೊತ್ತಿಗಾಗಲೇ ಹಲವು ಕೈ ದಾಟಿರುತ್ತದೆ. ಪ್ರತಿ ಕೈಬದಲಾವಣೆಗೂ ಹೆಸರು, ಸಹಿ, ಸಮಯ ಇರಬೇಕು; ಒಂದು ಸಾಲು ಖಾಲಿ ಬಿಟ್ಟರೂ ಪಾಟೀಸವಾಲಿನಲ್ಲಿ ವಕೀಲರು ಅಲ್ಲಿಗೇ ಬೆರಳಿಡುತ್ತಾರೆ.

ಸಾಕ್ಷ್ಯದ ಗಡಿಬಿಡಿಯಲ್ಲಿ ಚಿಕಿತ್ಸೆ ಹಿಂದೆ ಸರಿಯಬಾರದು. ಎಚ್‌ಐವಿ ತಡೆಯುವ ಔಷಧಿಯನ್ನು ಸಾಧ್ಯವಾದಷ್ಟು ಬೇಗ, ತಡವೆಂದರೆ 72 ಗಂಟೆಯೊಳಗೆ ಶುರುಮಾಡಿ 28 ದಿನ ಕೊಡಬೇಕು. ಗರ್ಭ ನಿಲ್ಲದಂತೆ ತಡೆಯುವ ಮಾತ್ರೆ, ಹೆಪಟೈಟಿಸ್ ಬಿ ಲಸಿಕೆ, ಲೈಂಗಿಕ ಸೋಂಕುಗಳ ಚಿಕಿತ್ಸೆ ಎಲ್ಲವೂ ಉಚಿತವಾಗಿ, ತಕ್ಷಣ ಸಿಗಬೇಕು. ನಾಗರಿಕ ಸುರಕ್ಷಾ ಸಂಹಿತೆಯ 397ನೆಯ ಕಲಂ ಪ್ರಕಾರ ಇದು ಸರ್ಕಾರಿ, ಖಾಸಗಿ ಎರಡೂ ಆಸ್ಪತ್ರೆಗಳ ಕರ್ತವ್ಯ. ನಿರಾಕರಿಸಿದರೆ ಆಸ್ಪತ್ರೆಯ ಹೊಣೆ ಹೊತ್ತವರಿಗೆ ಒಂದು ವರ್ಷದವರೆಗೆ ಸೆರೆವಾಸವಾಗಬಹುದು. ಸ್ವಾಬ್ ತೆಗೆಯುವುದು ಬೇಡವೆಂದವಳಿಗೂ ಚಿಕಿತ್ಸೆ ನಿಲ್ಲಿಸುವಂತಿಲ್ಲ. ಪರೀಕ್ಷೆಗೆ, ಸಾಕ್ಷ್ಯಕ್ಕೆ, ಚಿಕಿತ್ಸೆಗೆ ಬೇರೆ ಬೇರೆಯಾಗಿ ಒಪ್ಪಿಗೆ ಕೇಳಬೇಕು, ಒಂದೇ ಕಾಗದದ ಕೆಳಗೆ ಹೆಬ್ಬೆಟ್ಟು ಒತ್ತಿಸಿಕೊಂಡರೆ ಸಾಲದು. ಎರಡು ದಿನ ಬಿಟ್ಟು ಮತ್ತೆ ಕರೆಸಿ ನೋಡುವುದನ್ನೂ ಮರೆಯಬಾರದು. ಮೊದಲ ದಿನ ಕಾಣದ ಮೂಗೇಟು ಎಷ್ಟೋ ಸಲ ಆಗ ಮೇಲೆದ್ದು ಕಾಣುತ್ತದೆ.

ಈ ಸೀಮೆಗೇ ವಿಶೇಷವಾದ ತೊಡಕೆಂದರೆ ಭಾಷೆ. ಮುಳಬಾಗಿಲು, ಶ್ರೀನಿವಾಸಪುರ, ಆಚೆಗೆ ಚಿಂತಾಮಣಿ, ಬಾಗೇಪಲ್ಲಿ, ತುಮಕೂರಿನ ಪಾವಗಡ, ಇಲ್ಲೆಲ್ಲ ಹಲವು ಮನೆಗಳ ಒಳಮಾತು ತೆಲುಗು. ಕೆಜಿಎಫ್‌ನಲ್ಲಿ ತಮಿಳು, ಪೇಟೆಗಳ ಮುಸ್ಲಿಂ ಕೇರಿಗಳಲ್ಲಿ ದಖನಿ ಉರ್ದು. ಕೇಸ್ ಶೀಟ್ ಇಂಗ್ಲಿಷಿನಲ್ಲಿ, ಪೊಲೀಸರ ಹೇಳಿಕೆ ಕನ್ನಡದಲ್ಲಿ. ನೋವಿನ ಮಾತು ಈ ಮೂರು ಹೊಸ್ತಿಲು ದಾಟುವಾಗ ಏನು ಕಳೆದುಹೋಗುತ್ತದೆ ಎಂಬುದಕ್ಕೆ ಒಂದೇ ಉದಾಹರಣೆ ನೋಡಿ. “ಗೊಂತು ಪಿಸಿಕಾಡು” ಎಂದು ಹೆಂಗಸೊಬ್ಬಳು ಹೇಳುತ್ತಾಳೆ, ಕತ್ತು ಹಿಸುಕಿದ ಎಂದು. ಕೇಸ್ ಶೀಟಿನಲ್ಲಿ ಅದು ‘ಹಲ್ಲೆಯ ಪ್ರಕರಣ’ ಎಂದಷ್ಟೇ ಆಗುತ್ತದೆ. ಕತ್ತು ಹಿಸುಕಿದಾಗ ಹೊರಗೆ ಯಾವ ಗುರುತೂ ಬೀಳದಿರುವುದು ಸಾಮಾನ್ಯ. ದನಿ ಒಡೆದಿದೆಯೇ, ಉಗುಳು ನುಂಗಲು ಕಷ್ಟವೇ, ಕಣ್ಣಿನ ಬಿಳಿಯಲ್ಲಿ ಸೂಜಿಮೊನೆಯಂಥ ಕೆಂಪು ಚುಕ್ಕೆಗಳಿವೆಯೇ, ಎಚ್ಚರ ತಪ್ಪಿತ್ತೇ, ಬಟ್ಟೆಯಲ್ಲೇ ಮೂತ್ರ ಹೋಗಿತ್ತೇ ಎಂದು ಹುಡುಕಿ ಕೇಳಬೇಕು. ಕತ್ತಿನ ರಕ್ತನಾಳಕ್ಕಾದ ಪೆಟ್ಟು ಗಂಟೆಗಳು, ಕೆಲವೊಮ್ಮೆ ದಿನಗಳು ಕಳೆದ ಮೇಲೆ ಅಪಾಯ ತರಬಹುದು. ಸಂಗಾತಿಯಿಂದ ಒಮ್ಮೆ ಕತ್ತು ಹಿಸುಕಿಸಿಕೊಂಡ ಹೆಂಗಸು ಮುಂದೆ ಅದೇ ಕೈಯಲ್ಲಿ ಕೊಲೆಯಾಗುವ ಸಾಧ್ಯತೆ ಏಳು ಪಟ್ಟಿಗೂ ಹೆಚ್ಚು ಎಂದು, ಶುಶ್ರೂಷಾ ಸಂಶೋಧಕಿಯರೇ ಮುಂದೆ ನಿಂತು ಅಮೆರಿಕದಲ್ಲಿ ನಡೆಸಿದ 2008ರ ಅಧ್ಯಯನ ತೋರಿಸಿತು. ಆದ್ದರಿಂದ ಅವಳಾಡಿದ ಮಾತನ್ನು ಅವಳ ಭಾಷೆಯಲ್ಲೇ, ಕನ್ನಡ ಲಿಪಿಯಲ್ಲಾದರೂ ಸರಿ, ಉದ್ಧರಣ ಚಿಹ್ನೆಯೊಳಗೆ ಬರೆದು, ಪಕ್ಕದಲ್ಲಿ ಅರ್ಥ ಬರೆಯುವ ಅಭ್ಯಾಸ ನಮ್ಮ ನರ್ಸ್‌ಗಳಿಗೆ ಬೇಕು. ಪರ ಊರಿನಿಂದ ಬರುವ ಯಾವ ತರಬೇತಿ ಪುಸ್ತಕವೂ ಇದನ್ನು ಹೇಳಿಕೊಡಲಾರದು. ತೆಲುಗು ಬಲ್ಲ ಹಿರಿಯ ಸಿಸ್ಟರುಗಳಿಗೆ ಇದು ಈಗಾಗಲೇ ಬಾಯಲ್ಲಿದೆ. ಅವರನ್ನು ಕೂರಿಸಿ, ಗಾಯ, ಹೊಡೆತ, ದೇಹದ ಭಾಗಗಳಿಗೆ ಹಳ್ಳಿಯ ಹೆಂಗಸರು ಬಳಸುವ ಪದಗಳನ್ನು ನಾಲ್ಕು ಭಾಷೆಗಳಲ್ಲಿ ಪಟ್ಟಿ ಮಾಡಿಸಿದರೆ ಅದೇ ಜಿಲ್ಲೆಯ ಮೊದಲ ಸಂಪನ್ಮೂಲವಾದೀತು.

ಮನೆಯೊಳಗಿನ ಹಿಂಸೆ ಎಂಎಲ್‌ಸಿ ಎಂದು ಹೇಳಿಕೊಂಡು ಬರುವುದೇ ಅಪರೂಪ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನಲ್ಲಿ (2019–21) ಕರ್ನಾಟಕದ 18ರಿಂದ 49 ವಯಸ್ಸಿನ ವಿವಾಹಿತೆಯರಲ್ಲಿ ಶೇ 44.4ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದರು; ಹಿಂದಿನ ಸುತ್ತಿನಲ್ಲಿ ಈ ಪ್ರಮಾಣ ಶೇ 20.6 ಇತ್ತು. ದೇಶದ ಮಟ್ಟದಲ್ಲಿ ಹಿಂಸೆಗೊಳಗಾದವರ ಪೈಕಿ ಯಾರಲ್ಲಾದರೂ ಸಹಾಯ ಕೇಳಿದವರು ಶೇ 14 ಮಾತ್ರ. ಉಳಿದವರೂ ಆಸ್ಪತ್ರೆಗೆ ಬರುತ್ತಾರೆ. ತಲೆನೋವೆಂದು, ಬಚ್ಚಲಲ್ಲಿ ಜಾರಿ ಬಿದ್ದೆನೆಂದು, ಒಲೆಯ ಬೆಂಕಿ ಸೆರಗಿಗೆ ತಗುಲಿತೆಂದು. ಗಂಡ ಪಕ್ಕದಲ್ಲೇ ನಿಂತು ಉತ್ತರ ಕೊಡುತ್ತಾನೆ. ತೂಕ ನೋಡುವ ನೆಪದಲ್ಲಿ ಅವಳೊಬ್ಬಳನ್ನೇ ಒಳಗೆ ಕರೆದು ಎರಡು ನಿಮಿಷ ಮಾತಾಡಲು ಅವಕಾಶ ಇರುವುದು ನರ್ಸ್‌ಗೆ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣೆಯ ಕಾಯ್ದೆ 2006ರ ಅಕ್ಟೋಬರ್‌ನಿಂದ ಜಾರಿಯಲ್ಲಿದೆ. ಅದರ ನಿಯಮಗಳ ಪ್ರಕಾರ, ಕೌಟುಂಬಿಕ ಘಟನಾ ವರದಿ ಇನ್ನೂ ಆಗಿರದಿದ್ದರೆ ಆಸ್ಪತ್ರೆಯೇ ಅದನ್ನು ಭರ್ತಿ ಮಾಡಿ ಸಂರಕ್ಷಣಾಧಿಕಾರಿಗೆ ಕಳುಹಿಸಬೇಕು. ಈ ಹೊಣೆ ವಾರ್ಡಿನ ದಿನನಿತ್ಯದ ಕೆಲಸಗಳ ಸಾಲಿಗೆ ಇನ್ನೂ ಸೇರಿಲ್ಲವೆಂಬುದು ನನ್ನ ಅನಿಸಿಕೆ.

ಹದಿನೆಂಟು ತುಂಬದ ಬಸುರಿಯರ ವಿಷಯ ಇನ್ನೂ ಸೂಕ್ಷ್ಮ. ತಾಯಿ ಕಾರ್ಡ್ ಮಾಡಿಸಲು ಬಂದ ಹುಡುಗಿಯ ಆಧಾರ್ ನೋಡಿದಾಗ ವಯಸ್ಸು ಹದಿನಾರು. ಪೋಕ್ಸೊ 19ನೆಯ ಕಲಂ ಪ್ರಕಾರ ಮಾಹಿತಿ ಕೊಡುವುದು ಪ್ರತಿಯೊಬ್ಬರ ಮೇಲೂ ಕಡ್ಡಾಯ. ಮುಚ್ಚಿಟ್ಟರೆ ನರ್ಸ್ ಕೂಡ ಶಿಕ್ಷೆಗೆ ಗುರಿ. ಮಾಹಿತಿ ಕೊಟ್ಟರೆ ಹುಡುಗಿಯ ಮನೆಯವರು ರಾತ್ರೋರಾತ್ರಿ ಅವಳನ್ನು ಕರೆದೊಯ್ದು ಆಸ್ಪತ್ರೆಯ ಕಡೆ ತಲೆಹಾಕದಂತೆ ಮಾಡುವ ಭಯ. ಗರ್ಭಪಾತದ ಸಂದರ್ಭದಲ್ಲಿ ಬಾಲಕಿಯೂ ಪೋಷಕರೂ ಕೋರಿದರೆ ವೈದ್ಯರು ಅವಳ ಗುರುತನ್ನು ಪೊಲೀಸರಿಗೆ ಬಿಟ್ಟುಕೊಡಬೇಕಿಲ್ಲ ಎಂದು 2022ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕಾನೂನಿನ ಇಂಥ ಒಳದಾರಿಗಳನ್ನು ತಿಳಿಯದ ಸಿಸ್ಟರ್ ಒಂದೋ ಹೆದರಿ ಎಲ್ಲವನ್ನೂ ಹೇಳಿಬಿಡುತ್ತಾರೆ, ಇಲ್ಲವೇ ಕನಿಕರದಿಂದ ಎಲ್ಲವನ್ನೂ ಮುಚ್ಚಿಡುತ್ತಾರೆ. ಎರಡರಲ್ಲೂ ಹುಡುಗಿಗೆ ನಷ್ಟ.

ಕಲಿಯಲು ಸಾಮಗ್ರಿಯೇ ಇಲ್ಲವೆಂದಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಆರೋಗ್ಯ ಸಿಬ್ಬಂದಿಗಾಗಿ ತಯಾರಿಸಿ 2021ರಲ್ಲಿ ಪರಿಷ್ಕರಿಸಿದ ತರಬೇತಿ ಪಠ್ಯ ಉಚಿತವಾಗಿ ಸಿಗುತ್ತದೆ. ಕಿವಿಗೊಡುವುದು, ಅಗತ್ಯ ವಿಚಾರಿಸುವುದು, ನಂಬಿದ್ದೇವೆಂದು ತಿಳಿಸುವುದು, ಸುರಕ್ಷತೆಯ ಬಗ್ಗೆ ಯೋಚಿಸುವುದು, ನೆರವಿನ ಕಡೆಗೆ ಕಳುಹಿಸುವುದು, ಈ ಐದು ಹೆಜ್ಜೆಗಳನ್ನು ಅದು ಪಾತ್ರಾಭಿನಯದ ಮೂಲಕ ಕಲಿಸುತ್ತದೆ. ಮುಂಬೈಯ ಬಾಂದ್ರಾದ ಭಾಭಾ ಆಸ್ಪತ್ರೆಯಲ್ಲಿ ಆರೋಗ್ಯ ಸಂಶೋಧನೆ ನಡೆಸುವ ಸೆಹತ್ ಸಂಸ್ಥೆಯೂ ನಗರಪಾಲಿಕೆಯೂ ಸೇರಿ ಕಟ್ಟಿದ ‘ದಿಲಾಸಾ’ ಕೇಂದ್ರವು ಹಿಂಸೆಯನ್ನು ಆರೋಗ್ಯದ ಪ್ರಶ್ನೆಯಾಗಿ ನೋಡಲು ಆಸ್ಪತ್ರೆಯ ಸಿಬ್ಬಂದಿಯನ್ನೇ ತಯಾರು ಮಾಡಿದ ಮಾದರಿ. ಕೋಲಾರದಿಂದ 70 ಕಿಲೋಮೀಟರ್ ಆಸುಪಾಸಿನಲ್ಲಿರುವ ಬೆಂಗಳೂರಿನ ನಿಮ್ಹಾನ್ಸ್ 2022ರಲ್ಲಿ ‘ಸ್ತ್ರೀ ಮನೋರಕ್ಷಾ’ ಹೆಸರಿನಲ್ಲಿ ಹಿಂಸೆಗೊಳಗಾದ ಮಹಿಳೆಯರಿಗೆ ಒಂದೇ ಕಡೆ ನೆರವು ಕೊಡುವ ಸಖಿ ಕೇಂದ್ರಗಳ ಸಿಬ್ಬಂದಿಯ ತರಬೇತಿಯನ್ನು ಕೈಗೆತ್ತಿಕೊಂಡಿತು. ಜಿಲ್ಲಾ ಆಸ್ಪತ್ರೆಗಳಲ್ಲಿ ಇಂಥವರ ಚಿಕಿತ್ಸೆಗೆಂದು ‘ಗೆಳತಿ’ ಘಟಕಗಳನ್ನು ಕರ್ನಾಟಕ ಹಿಂದೆಯೇ ತೆರೆದಿತ್ತು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಕೀಲರಿದ್ದಾರೆ, ಕೋಲಾರದ ಟಮಕದ ವೈದ್ಯಕೀಯ ಕಾಲೇಜಿನಲ್ಲಿ ನ್ಯಾಯವೈದ್ಯಶಾಸ್ತ್ರದ ಅಧ್ಯಾಪಕರಿದ್ದಾರೆ. ಇವರೆಲ್ಲರೂ ತಾಲ್ಲೂಕು ಆಸ್ಪತ್ರೆಯ ನರ್ಸ್‌ನ ಪಾಳಿಗೆ ಎಟುಕುವಂತೆ ಆಗಿಲ್ಲ.

ಭಾರತೀಯ ಶುಶ್ರೂಷಾ ಪರಿಷತ್ತಿನ ಕ್ರಮದಂತೆ ನೋಂದಣಿಯನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕು, ಅದಕ್ಕೆ 150 ಗಂಟೆಗಳ ನಿರಂತರ ಶಿಕ್ಷಣ ತೋರಿಸಬೇಕು. ಈ ಗಂಟೆಗಳನ್ನು ಬೆಂಗಳೂರಿನ ಯಾವುದೋ ಸಭಾಂಗಣದಲ್ಲಿ ಇನ್ನೂರು ಜನರ ನಡುವೆ ಕೂತು, ಊಟದ ನಂತರ ಪ್ರಮಾಣಪತ್ರ ಪಡೆದು ತುಂಬಿಸಿಕೊಳ್ಳುವುದು ಸುಲಭ. ರಜೆ ಹಾಕಿ, ಸ್ವಂತ ಖರ್ಚಿನಲ್ಲಿ, ಮಗುವನ್ನು ಅತ್ತೆಯ ಮನೆಯಲ್ಲಿ ಬಿಟ್ಟು ಹೋಗುವ ನರ್ಸ್‌ಗೆ ಅದು ಕಲಿಕೆಗಿಂತ ಹೆಚ್ಚಾಗಿ ದಂಡದಂತೆ ತೋರಿದರೆ ತಪ್ಪೇನಿಲ್ಲ. ನನಗೆ ಹೆಚ್ಚು ಫಲ ಕೊಡುವಂತೆ ಕಾಣುವುದು ತಿಂಗಳಿಗೊಂದು ಗಂಟೆಯ ಕೂಟ: ತಾಲ್ಲೂಕು ಆಸ್ಪತ್ರೆಯಲ್ಲೇ, ಮಧ್ಯಾಹ್ನ ಪಾಳಿ ಬದಲಾಗುವ ಹೊತ್ತಿಗೆ, ಹೆಸರು ಮರೆಸಿದ ಒಂದು ಹಳೆಯ ಕೇಸ್ ಶೀಟ್ ಮುಂದಿಟ್ಟುಕೊಂಡು ಏನು ಬರೆದಿದ್ದೇವೆ, ಏನು ಬಿಟ್ಟಿದ್ದೇವೆ ಎಂದು ಓದುವುದು. ಹೀಗೆ ಐದು ವರ್ಷಕ್ಕೆ 60 ಗಂಟೆ ಆಗುತ್ತದೆ. ಅದನ್ನು ನವೀಕರಣದ ಲೆಕ್ಕಕ್ಕೆ ಹಿಡಿಯಬೇಕು, ಡ್ಯೂಟಿ ಪಟ್ಟಿಯಲ್ಲಿ ಡ್ಯೂಟಿ ಎಂದೇ ಗುರುತಿಸಬೇಕು. ವರ್ಷಕ್ಕೆರಡು ಸಲ ಸರ್ಕಾರಿ ವಕೀಲರನ್ನು ಕರೆದು ಅಣಕು ವಿಚಾರಣೆ ನಡೆಸಿದರೆ ಸಾಕ್ಷಿಕಟ್ಟೆಯ ಭಯ ಅರ್ಧ ಇಳಿಯುತ್ತದೆ. ಪರೀಕ್ಷಾ ಕೋಣೆಯ ಕಪಾಟಿನಲ್ಲಿ ಕಿಟ್, ಕಾಗದದ ಲಕೋಟೆ, ಅರಗು, ಸಂತ್ರಸ್ತೆಗೆ ಉಡಲು ಒಂದು ಜೊತೆ ಒಗೆದ ಬಟ್ಟೆ ಇವೆಯೇ ಎಂದು ಅದೇ ದಿನ ನೋಡಬಹುದು. ಬಟ್ಟೆಯ ಮಾತನ್ನು ಇಲ್ಲಿ ಒತ್ತಿ ಹೇಳುತ್ತೇನೆ. ಉಟ್ಟದ್ದನ್ನು ಸಾಕ್ಷ್ಯಕ್ಕೆಂದು ಬಿಚ್ಚಿಸಿಕೊಂಡು, ಉಡಲು ಏನೂ ಕೊಡದೆ ಆಸ್ಪತ್ರೆಯ ಹೊದಿಕೆಯಲ್ಲಿ ಕೂರಿಸುವುದು ಎರಡನೆಯ ಅವಮಾನ.

ಈ ಕೆಲಸ ಮಾಡುವವರ ಮನಸ್ಸಿನ ಮಾತು ಯಾವ ಪಠ್ಯದಲ್ಲೂ ಕೊನೆಯ ಪುಟಕ್ಕೆ ಹೋಗುತ್ತದೆ. ಐದು ವರ್ಷದ ಮಗುವಿನ ಪರೀಕ್ಷೆಗೆ ಕೈ ಹಿಡಿದು ಕೂತ ಸಿಸ್ಟರ್ ಬೆಳಿಗ್ಗೆ ಎಂಟಕ್ಕೆ ಪಾಳಿ ಮುಗಿಸಿ ಮನೆಗೆ ಹೋಗಿ ತನ್ನ ಮಗಳಿಗೆ ಜಡೆ ಹಾಕಿ ಶಾಲೆಗೆ ಕಳುಹಿಸಬೇಕು. ಗುರುತು ಬಯಲಾಗಬಾರದೆಂಬ ನಿಯಮ ಇರುವುದರಿಂದ ಮನೆಯಲ್ಲಿ ಹೇಳಿಕೊಳ್ಳುವಂತಿಲ್ಲ. ಕೆಲವರು ನಿದ್ದೆ ಕಳೆದುಕೊಳ್ಳುತ್ತಾರೆ, ಕೆಲವರು ಏನನ್ನೂ ಅನುಭವಿಸದಂತೆ ಗಟ್ಟಿಯಾಗುತ್ತಾರೆ; ಹಾಗೆ ಗಟ್ಟಿಯಾದ ದನಿಯನ್ನೇ ಮುಂದಿನ ಸಂತ್ರಸ್ತೆ ಕೇಳಬೇಕಾಗುತ್ತದೆ. ಇಂಥ ಪ್ರಕರಣದ ಮರುದಿನ ಹಿರಿಯ ಶುಶ್ರೂಷಾಧಿಕಾರಿ ಹತ್ತು ನಿಮಿಷ ಪಕ್ಕಕ್ಕೆ ಕರೆದು “ಹೇಗಿದ್ದೀಯಮ್ಮ” ಎಂದು ಕೇಳುವುದನ್ನು, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಆಪ್ತಸಮಾಲೋಚಕರು ತಿಂಗಳ ಕೂಟಕ್ಕೆ ಬಂದು ಕೂರುವುದನ್ನು ತರಬೇತಿಯ ಭಾಗವಾಗಿಯೇ ಬರೆಯಬೇಕು.

ಸಮನ್ಸ್ ಬರುವುದು ವರ್ಷಗಳು ಕಳೆದ ಮೇಲೆ. ಅಷ್ಟರಲ್ಲಿ ಆ ಸಿಸ್ಟರ್ ಮಾಲೂರಿಗೋ ಬಂಗಾರಪೇಟೆಗೋ ವರ್ಗವಾಗಿರುತ್ತಾರೆ, ಹೆಂಗಸಿನ ಮುಖ ಮಸುಕಾಗಿರುತ್ತದೆ. ಸಾಕ್ಷಿಕಟ್ಟೆಯಲ್ಲಿ ಅವರ ಕೈಗೆ ಕೊಡುವುದು ಅವರದೇ ಅಕ್ಷರದ ಹಳೆಯ ಹಾಳೆ. ಅದರಲ್ಲಿ ರಾತ್ರಿ 11.40 ಎಂಬ ಸಮಯ, “ಗೊಂತು ಪಿಸಿಕಾಡು” ಎಂಬ ಅವಳ ಮಾತು, ದನಿ ಒಡೆದಿತ್ತು ಎಂಬ ಒಂದು ಸಾಲು, ಲಕೋಟೆಯನ್ನು ಯಾರ ಕೈಗೆ ಕೊಟ್ಟೆನೆಂಬ ಹೆಸರು ಇದ್ದರೆ, ಅವರು ಅದನ್ನು ಓದಿ ಹೇಳಬಲ್ಲರು.